ಬಿಸಿಲೂ ಜೋರು, ಕರೆಂಟೂ ಇಲ್ಲ: ಮನೆ, ಓಣಿ ತಯಾರಾಗುವ ಬಗೆ

ಮೇ ತಿಂಗಳ ಒಂದು ರಾತ್ರಿ, ಹತ್ತೂವರೆ ಹೊತ್ತು. ಕಲಬುರಗಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಫ್ಯಾನು, ಕೂಲರು, ನಾಲ್ಕೈದು ಮನೆಗಳ ಎಸಿ ಒಟ್ಟಿಗೇ ಓಡುತ್ತಿದ್ದವು. ಢಬ್ ಅಂತ ಒಂದು ಸದ್ದು ಬಂತು. ಟಿಸಿ, ಅಂದರೆ ಓಣಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟಿತ್ತು. ಜನ ಚಾಪೆ, ದಿಂಬು ಎತ್ತಿಕೊಂಡು ಮಾಳಿಗೆ ಹತ್ತಿದರು. ಮಕ್ಕಳಿಗಂತೂ ಹಬ್ಬ. ಒಂದು ತಾಸು ಕಳೆದ ಮೇಲೆ ನಮ್ಮವ್ವ ಕೇಳಿದಳು, "ಮೂಲಿ ಮನಿ ಆಯಿ ಎಲ್ಲಿ ಅದಾರ?"

ಆಯಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತುವುದಿಲ್ಲ. ಮಗ ಬೆಂಗಳೂರಿನಲ್ಲಿ. ಓಡಿಹೋಗಿ ಬಾಗಿಲು ಬಡಿದೆವು. ಉತ್ತರವಿಲ್ಲ. ಪಕ್ಕದ ಮನೆಯ ಹುಡುಗ ಹಿತ್ತಲ ಗೋಡೆ ಹಾರಿ ಒಳಗಿನಿಂದ ಚಿಲಕ ತೆಗೆದ. ಒಳಗೆ ಕಾಲಿಟ್ಟರೆ ರೊಟ್ಟಿ ಒಲೆಯ ಮುಂದೆ ನಿಂತ ಹಾಗೆ ಝಳ. ಗೋಡೆಗೆ ಕೈ ಹಚ್ಚಿದೆ. ರಾತ್ರಿ ಹನ್ನೊಂದೂವರೆಯಲ್ಲೂ ಅದು ಬಿಸಿಯಾಗಿತ್ತು. ಆಯಿ ಹೊರಸಿನ ಮೇಲೆ ಕೂತಿದ್ದರು. "ನಳಕ್ಕ ನೀರ ಬಂತೇನು?" ಅಂದರು. ಇಲ್ಲ ಆಯಿ ಅಂದೆವು. ಮತ್ತೆ ಅದನ್ನೇ ಕೇಳಿದರು. ಮತ್ತೆ. ನಮ್ಮಲ್ಲಿ ಯಾರ ಗುರುತೂ ಅವರಿಗೆ ಹತ್ತಲಿಲ್ಲ.

ಆಯಿ ಉಳಿದರು. ಒದ್ದೆ ಸೀರೆ ಹೊದಿಸಿ, ಗಾಳಿ ಹಾಕಿ, ಆಸ್ಪತ್ರೆಗೆ ಒಯ್ದೆವು. ಆದರೆ ಆ ಒಂದು ತಾಸು ನನ್ನನ್ನು ಇನ್ನೂ ಕಾಡುತ್ತದೆ. ನಮ್ಮ ಓಣಿಯಲ್ಲಿ ಇನ್ವರ್ಟರ್ ಇದ್ದ ಮನೆಗಳಿದ್ದವು, ಐಸ್ ಇತ್ತು, ಗಾಡಿ ಇತ್ತು. ಯಾರು ಯಾರ ಬಾಗಿಲು ಬಡಿಯಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ನಾವು ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಬರೆದಿದ್ದೇನೆ. ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರದವರಿಗೆ ನೇರವಾಗಿ ಹೊಂದುತ್ತದೆ. ಉಳಿದವರು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಘೋಷಣೆಗೆ ಕಾಯಬೇಡಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಬಿಸಿಗಾಳಿ ಅಂತ ಹೇಳಬೇಕಾದರೆ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ ವಾಡಿಕೆಯೇ 40ರ ಮೇಲೆ. ಹಾಗಾಗಿ 43 ಇದ್ದರೂ ಕಾಗದದ ಮೇಲೆ ಬಿಸಿಗಾಳಿ ಇರುವುದಿಲ್ಲ. ಮೈಗೆ ಈ ಲೆಕ್ಕ ಗೊತ್ತಿಲ್ಲ ಅಲ್ವಾ? ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಕಚೇರಿ ಸಮಯ ಬದಲಾದ ದಿನದಿಂದ ನಿಮ್ಮ ಮನೆಯ ಸಮಯವೂ ಬದಲಾಗಲಿ.

ಇನ್ನೊಂದು ಮಾತು. ಬೇಸಿಗೆಯ ಮೊದಲ ಜೋರು ಬಿಸಿಲಿಗೆ ಮೈ ಇನ್ನೂ ಒಗ್ಗಿರುವುದಿಲ್ಲ. ಒಗ್ಗಲು ಒಂದೆರಡು ವಾರ ಬೇಕು. ಮೇನಲ್ಲಿ ತಡೆದುಕೊಳ್ಳುವ ಬಿಸಿಲು ಮಾರ್ಚಿನಲ್ಲಿ ಕೆಡವಬಹುದು. ರಜೆಗೆ ಬೆಂಗಳೂರಿನಿಂದ ಬರುವ ಮಕ್ಕಳು, ಮೊಮ್ಮಕ್ಕಳ ವಿಷಯದಲ್ಲೂ ಇದನ್ನು ನೆನಪಿಡಿ.

ಶಿವರಾತ್ರಿ ಮುಗಿಯುತ್ತಿದ್ದಂತೆ ಮಾಳಿಗೆ

ಶಹಾಬಾದ್ ಕಲ್ಲು ಹೊದಿಸಿದ ಮನೆಗಳು, ಆರ್‌ಸಿಸಿ ಮನೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತವೆ. ಫ್ಯಾನ್ ತಿರುಗುವವರೆಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕರೆಂಟ್ ಹೋದಾಗ ಗೊತ್ತಾಗುತ್ತದೆ. ಅದಕ್ಕೇ ಮೊದಲ ಕೆಲಸ ಮಾಳಿಗೆಗೆ ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಮನೆಯೊಳಗೆ 2ರಿಂದ 5 ಡಿಗ್ರಿವರೆಗೆ ಇಳಿಯಬಹುದು.

ಮಾಡುವ ಬಗೆ ಸುಲಭ. ಮಾಳಿಗೆ ಗುಡಿಸಿ, ಪಾಚಿ ಕೆರೆದು, ತೊಳೆಯಿರಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ. ಉದುರದ ಹಾಗೆ ಸ್ವಲ್ಪ ಫೆವಿಕಾಲ್ ಕಲಸಿ. ಸಂಜೆ ತಂಪಾದ ಮೇಲೆ ನೆಲ ತುಸು ಒದ್ದೆ ಮಾಡಿ, ಉದ್ದ ಹಿಡಿಯ ಕುಂಚದಿಂದ ಬಳಿಯಿರಿ. ಒಣಗಿದ ಮೇಲೆ ಎರಡನೇ ಸಲ. ಸುಣ್ಣ ನೆನೆಹಾಕುವಾಗ ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗುತ್ತದೆ, ಪ್ರತಿ ವರ್ಷ ಮತ್ತೆ ಬಳಿಯಬೇಕು. ಕೈಯಲ್ಲಿ ದುಡ್ಡಿದ್ದರೆ ಅಂಗಡಿಯಲ್ಲಿ ಸಿಗುವ ಕೂಲ್ ರೂಫ್ ಬಣ್ಣ ಕೆಲವು ವರ್ಷ ಬಾಳುತ್ತದೆ.

ತಗಡಿನ ಮನೆಯವರ ಪಾಡು ಎಲ್ಲರಿಗಿಂತ ಕಷ್ಟ. ತಗಡಿಗೂ ಬಿಳಿ ಬಣ್ಣ ಹೊಡೆಯಬಹುದು. ಅದರ ಮೇಲೆ ಒಂದಡಿ ಅಂತರ ಬಿಟ್ಟು ಹಸಿರು ನೆಟ್ ಕಟ್ಟಿದರೆ ಇನ್ನೂ ಒಳ್ಳೆಯದು, ನಡುವೆ ಗಾಳಿ ಆಡುತ್ತದೆ. ನಮ್ಮ ಕಡೆ ತಗಡಿನ ಮೇಲೆ ತೊಗರಿ ಕಟ್ಟಿಗೆ ಹರವುವ ರೂಢಿ ಇದೆ. ತಂಪೇನೋ ಹೌದು, ಆದರೆ ಒಂದು ಕಿಡಿ ಸಾಕು. ಒಲೆ ಹತ್ತಿರ ಇದ್ದರೆ, ಮೇಲೆ ವೈರ್ ಹಾದುಹೋಗಿದ್ದರೆ ಬೇಡವೇ ಬೇಡ.

ಕಿಟಕಿಗೆ ಪರದೆ ಹಾಕುವವರು ಒಳಗೆ ಹಾಕುತ್ತಾರೆ. ಬಿಸಿಲನ್ನು ಹೊರಗೇ ತಡೆಯಬೇಕು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಗೋಣಿಚೀಲ ಅಥವಾ ಲಾವಂಚದ ತಟ್ಟಿ ಇಳಿಬಿಟ್ಟು ನೀರು ಚಿಮುಕಿಸಿ. ನಮ್ಮದು ಒಣ ಬಿಸಿಲು, ಹಾಗಾಗಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರದವರಿಗೆ ಇದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಗಾಳಿಯಲ್ಲೇ ನೀರಿದೆ.

ಇನ್ವರ್ಟರ್ ಲೆಕ್ಕ

ಇನ್ವರ್ಟರ್ ಇದ್ದವರು ಅದು ಎಷ್ಟು ಹೊತ್ತು ಬರುತ್ತದೆ ಅಂತ ಈಗಲೇ ಲೆಕ್ಕ ಹಾಕಿಡಿ. ಮನೆಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಇರುತ್ತದೆ. 12ನ್ನು 150ರಿಂದ ಗುಣಿಸಿದರೆ 1,800 ವ್ಯಾಟ್ ಅವರ್. ಆದರೆ ಬ್ಯಾಟರಿಯನ್ನು ಪೂರ್ತಿ ಬಸಿಯಬಾರದು, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ 1,100, 1,200. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್. ಎರಡು ಫ್ಯಾನು, ಎರಡು ಎಲ್ಇಡಿ ಬಲ್ಬು ಹಾಕಿದರೆ ಆರೂವರೆ, ಏಳು ತಾಸು. ಅದೇ ಕಡಿಮೆ ಕರೆಂಟ್ ತಿನ್ನುವ ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನ್ ಆದರೆ ಒಂದಕ್ಕೆ 30 ವ್ಯಾಟ್ ಆಸುಪಾಸು. ಅದೇ ಬ್ಯಾಟರಿ ಹದಿನಾಲ್ಕು ತಾಸು ಎಳೆಯುತ್ತದೆ. ಎರಡನೇ ಬ್ಯಾಟರಿ ಕೊಳ್ಳುವ ಯೋಚನೆ ಇದ್ದರೆ ಮೊದಲು ಮಲಗುವ ಕೋಣೆಯ ಫ್ಯಾನ್ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬ್ಯಾಟರಿಯ ನೀರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಳದ ನೀರೂ ಬೇಡ, ಆರ್‌ಒ ನೀರೂ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತದೆ. ಅದನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ, ದೇವರ ದೀಪದ ಪಕ್ಕವಂತೂ ಬೇಡ. ಯುಗಾದಿಗೆ ಮೊದಲು ಒಂದು ಸಂಜೆ ಮೇನ್ ಸ್ವಿಚ್ ಆಫ್ ಮಾಡಿ, ನಿಜವಾಗಿ ಎಷ್ಟು ಹೊತ್ತು ಬರುತ್ತದೆ ನೋಡಿ. ಲೆಕ್ಕಕ್ಕೂ ನಿಜಕ್ಕೂ ಅಂತರ ಇದ್ದೇ ಇರುತ್ತದೆ.

ಮಾಳಿಗೆ ಮೇಲೆ ಸೋಲಾರ್ ಹಾಕಿಸಿಕೊಂಡವರು ಒಂದು ವಿಷಯ ತಿಳಿದಿರಬೇಕು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಸಾಕಷ್ಟು ಜನ ಹಾಕಿಸುತ್ತಿದ್ದಾರೆ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಮಟಮಟ ಮಧ್ಯಾಹ್ನ, ತಲೆ ಮೇಲೆ ಸೋಲಾರ್ ಇದ್ದೂ ಫ್ಯಾನ್ ತಿರುಗುವುದಿಲ್ಲ. ಕರೆಂಟ್ ಹೋದಾಗಲೂ ಬೇಕು ಅಂದರೆ ಹಾಕಿಸುವ ಮೊದಲೇ ಬ್ಯಾಟರಿ ಕೂಡುವ ಹೈಬ್ರಿಡ್ ಇನ್ವರ್ಟರ್ ಕೇಳಿ.

ಇನ್ವರ್ಟರ್ ಕೊಳ್ಳಲು ಆಗದಿದ್ದರೆ? 20,000 ಎಂಎಎಚ್‌ನ ಒಂದು ಪವರ್‌ಬ್ಯಾಂಕ್, ಅದಕ್ಕೆ ಸಿಕ್ಕಿಸುವ 5 ವ್ಯಾಟಿನ ಪುಟ್ಟ ಫ್ಯಾನು. ಒಬ್ಬರ ಮುಖಕ್ಕೆ ಒಂದು ರಾತ್ರಿ ಗಾಳಿ ಬರುತ್ತದೆ. ಬಾಣಂತಿ, ಕೂಸು, ವಯಸ್ಸಾದವರು ಇರುವ ಮನೆಯಲ್ಲಿ ಇಷ್ಟಾದರೂ ಇರಲಿ. ಬೆಳಕಿಗೆ ಮೇಣದ ಬತ್ತಿ ಬೇಡ, ಚಾರ್ಜಿಂಗ್ ಲೈಟ್ ಇಡಿ.

ಕೂಲರ್ ಬಗ್ಗೆ ಒತ್ತಿ ಹೇಳಬೇಕು. ತಗಡಿನ ಕೂಲರ್, ಒದ್ದೆ ನೆಲ, ಬರಿಗಾಲು: ಬೇಸಿಗೆ ಬಂತೆಂದರೆ ಇದರಿಂದ ಜೀವ ಹೋದ ಸುದ್ದಿ ಕೇಳುತ್ತೇವೆ. ನೀರು ತುಂಬುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೇ ಕಿತ್ತಿಡಿ. ಕಾಲಲ್ಲಿ ಚಪ್ಪಲಿ ಇರಲಿ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಎಲೆಕ್ಟ್ರಿಷಿಯನ್ ಕರೆಸಿ ಮನೆಗೆ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆಯುವ ಹೊತ್ತಿಗೆ ಅದು ಕರೆಂಟ್ ಕಡಿಯುತ್ತದೆ. ವಾರಕ್ಕೊಮ್ಮೆ ಕೂಲರ್ ನೀರು ಪೂರ್ತಿ ಚೆಲ್ಲಿ, ಒರೆಸಿ ಒಣಗಿಸಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮನೆ ಮಾಡುತ್ತದೆ.

ನೀರು, ಊಟ, ಔಷಧಿ

ಕರೆಂಟ್ ಹೋದರೆ ಬೋರ್‌ವೆಲ್ ಮೋಟರ್ ಇಲ್ಲ, ಆರ್‌ಒ ಇಲ್ಲ, ಮೇಲಿನ ಟ್ಯಾಂಕಿಗೆ ನೀರಿಲ್ಲ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರಿನಂತೆ ಎರಡು ದಿನದ್ದು ಯಾವಾಗಲೂ ತುಂಬಿಡಿ. ಮೈ ಒರೆಸಲು, ಬಟ್ಟೆ ನೆನೆಸಲು ಬೇರೆ ಎರಡು ಕೊಡ. ಮಣ್ಣಿನ ಗಡಿಗೆಯನ್ನು ಗಾಳಿ ಆಡುವ ಕಡೆ ಇಡಿ, ಮೂಲೆಯಲ್ಲಿಟ್ಟರೆ ತಣ್ಣಗಾಗುವುದಿಲ್ಲ.

ಬಾಯಾರಿಕೆ ಆಗುವವರೆಗೆ ಕಾಯಬಾರದು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಮೂತ್ರ ಕಡು ಹಳದಿ ಇದ್ದರೆ ನೀರು ಸಾಲದು ಅಂತ ಅರ್ಥ. ಮಜ್ಜಿಗೆ, ಜೋಳದ ಅಂಬಲಿ, ರಾಗಿ ಅಂಬಲಿ, ನಿಂಬೆ ಪಾನಕ ಎಲ್ಲ ಒಳ್ಳೆಯವೇ. ಒಆರ್‌ಎಸ್ ಪೊಟ್ಟಣ ತರುವಾಗ ಎಷ್ಟು ನೀರಿಗೆ ಅಂತ ಓದಿ. ಒಂದು ಲೀಟರಿನದನ್ನು ಒಂದು ಲೋಟಕ್ಕೆ ಹಾಕಿದರೆ ಕೆಡುಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗುಡ್ಡೆ ಹಾಕಬೇಡಿ. ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರೂ ಕೇಳಬೇಕು. ತಾವಾಗಿಯೇ ಗುಳಿಗೆ ನಿಲ್ಲಿಸಬಾರದು.

ಊಟದ ವಿಷಯದಲ್ಲಿ ನಮ್ಮ ಹಿರಿಯರು ಫ್ರಿಜ್ ಇಲ್ಲದ ಕಾಲಕ್ಕೇ ದಾರಿ ಮಾಡಿಟ್ಟಿದ್ದಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು. ಒಲೆ ಹಚ್ಚದೆ ಎರಡು ದಿನ ನಡೆಯುತ್ತದೆ. ಬಿಸಿಲು ಜೋರಿದ್ದ ದಿನ ಅಡುಗೆ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ಒಲೆ ಮುಂದೆ ನಿಂತವರಿಗೂ ಬಿಸಿಲು ಬಡಿಯುತ್ತದೆ, ಇದನ್ನು ಮನೆಯ ಗಂಡಸರು ಗಮನಿಸಬೇಕು. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದೆ ಇದ್ದರೆ ಸುಮಾರು ನಾಲ್ಕು ತಾಸು ತಣ್ಣಗಿರುತ್ತದೆ. ಸುಮ್ನೆ ಬಾಗಿಲು ತೆಗೆದು ನೋಡಬೇಡಿ.

ಇನ್ಸುಲಿನ್ ಇರುವ ಮನೆಗೆ ಒಂದು ಒಳ್ಳೆ ಉಪಾಯ ಇದೆ. ದೊಡ್ಡ ಮಣ್ಣಿನ ಕುಂಡದಲ್ಲಿ ಮರಳು ಹಾಕಿ, ನಡುವೆ ಚಿಕ್ಕ ಗಡಿಗೆ ಇಡಿ. ಮರಳನ್ನು ದಿನಕ್ಕೆ ಎರಡು ಸಲ ನೆನೆಸಿ. ನೀರು ಸೋಕದ ಡಬ್ಬಿಯಲ್ಲಿ ಇನ್ಸುಲಿನ್ ಹಾಕಿ ಚಿಕ್ಕ ಗಡಿಗೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ನೆರಳು, ಗಾಳಿ ಇರುವ ಕಡೆ ಇಡಿ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ಸುಮಾರು 28 ದಿನ ತಡೆಯುತ್ತದೆ. ನಿಮ್ಮ ಡಬ್ಬಿಯ ಮೇಲೆ ಏನು ಬರೆದಿದೆ ಅದೇ ಕೊನೆ ಮಾತು. ತಣ್ಣಗಿರಲಿ ಅಂತ ಐಸಿಗೆ ತಾಗಿಸಿಡಬೇಡಿ, ಹೆಪ್ಪುಗಟ್ಟಿದರೆ ಎಸೆಯಬೇಕು.

ಓಣಿಯ ಹಾಳೆ

ಇದಕ್ಕೆ ದುಡ್ಡು ಬೇಡ. ಒಂದು ಸಂಜೆ ಬೇಕು. ಯುಗಾದಿ ಆಸುಪಾಸು ಓಣಿಯ ನಾಲ್ಕು ಜನ ಕಟ್ಟೆ ಮೇಲೆ ಕೂತು ಒಂದು ಹಾಳೆ ಬರೆಯಿರಿ. ಒಂಟಿಯಾಗಿ ಇರುವವರು ಯಾರು, ಹಾಸಿಗೆ ಹಿಡಿದವರು ಯಾರು, ಬಸುರಿ, ಬಾಣಂತಿ ಯಾವ ಮನೆಯಲ್ಲಿ, ಆಕ್ಸಿಜನ್ ಮಷಿನ್ ಮೇಲೆ ಯಾರಿದ್ದಾರೆ. ಪ್ರತಿ ಹೆಸರಿನ ಮುಂದೆ ಎರಡು ಹೆಸರು ಬರೆಯಿರಿ, ಬಾಗಿಲು ಬಡಿಯುವವರದು. ಒಂದೇ ಹೆಸರು ಸಾಲದು, ಅವರು ಊರಿಗೆ ಹೋಗಿರಬಹುದು. ಅವರ ಪಕ್ಕದಲ್ಲಿ ಬೇರೆ ಊರಿನಲ್ಲಿರುವ ಮಗನದೋ ಮಗಳದೋ ಫೋನ್ ನಂಬರ್. ಹೆಚ್ಚುವರಿ ಕೀಲಿ ಯಾರ ಮನೆಯಲ್ಲಿದೆ ಅನ್ನೋದು. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೂತು ಊರಿನ ಅಪ್ಪ, ಅವ್ವನ ಚಿಂತೆ ಮಾಡುವವರು ಈ ಹಾಳೆ ಬರೆಸುವ ಕೆಲಸವನ್ನು ಫೋನಿನಲ್ಲೇ ಶುರು ಮಾಡಬಹುದು. ಪಕ್ಕದ ಮನೆ ಅಣ್ಣನ ನಂಬರ್ ನಿಮ್ಮ ಫೋನಲ್ಲಿದೆಯಾ, ನೋಡಿಕೊಳ್ಳಿ.

ಮನೆಯ ಗುಟ್ಟು ಊರಿಗೆಲ್ಲ ತಿಳಿಯುತ್ತದೆ ಅಂತ ಕೆಲವರು ಹಿಂಜರಿಯುತ್ತಾರೆ. ಅದು ಸಹಜ. ಹಾಳೆಯನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಇಬ್ಬರು ನಂಬಿಕಸ್ತರ ಹತ್ತಿರ ಇರಲಿ, ಆಶಾ ಕಾರ್ಯಕರ್ತೆಗೆ ಒಂದು ಪ್ರತಿ ಕೊಡಿ.

ತಂಪಿನ ಮನೆ ಒಂದನ್ನು ಗೊತ್ತು ಮಾಡಿ. ದಪ್ಪ ಮಣ್ಣಿನ ಗೋಡೆಯ ಹಳೇ ವಾಡೆ ಇದ್ದರೆ ಅದೇ ಸೈ. ಇಲ್ಲದಿದ್ದರೆ ಇನ್ವರ್ಟರ್ ಇರುವ ನೆಲಮಹಡಿಯ ಮನೆ, ಗುಡಿ, ಮಸೀದಿ, ಸಮುದಾಯ ಭವನ. ಕೀಲಿ ಯಾರ ಹತ್ತಿರ ಅಂತ ರಾತ್ರಿ ಹನ್ನೊಂದಕ್ಕೆ ಹುಡುಕುವ ಹಾಗೆ ಆಗಬಾರದು. ಓಣಿ ಬಾಯಲ್ಲಿ ಒಂದು ಅರವಟಿಗೆ ಇಡಿ. ಹಣ್ಣಿನ ಗಾಡಿಯವರು, ಪಾರ್ಸೆಲ್ ತರುವ ಹುಡುಗರು, ಕಟ್ಟಡ ಕೆಲಸದವರು ಅವರಾಗಿ ಬಾಗಿಲು ಬಡಿದು ನೀರು ಕೇಳುವುದಿಲ್ಲ.

ಹಾಳೆಯ ಕೆಳಗೆ ಮೂರು ನಂಬರ್: ವಿದ್ಯುತ್ ದೂರಿಗೆ 1912, ಆಂಬುಲೆನ್ಸಿಗೆ 108, ತುರ್ತಿಗೆ 112. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್, ಟಿಸಿ ಮೇಲೆ ಬರೆದ ನಂಬರ್ ಕೂಡ ಬರೆದಿಡಿ. "ನಮ್ಮ ಓಣಿಗೆ ಕರೆಂಟ್ ಇಲ್ಲ" ಅನ್ನುವುದಕ್ಕಿಂತ "ಈ ನಂಬರಿನ ಟಿಸಿ ಹೋಗಿದೆ" ಅಂದರೆ ಕೆಲಸ ಬೇಗ ಆಗುತ್ತದೆ. ಟಿಸಿ ಮೇಲೆ ಭಾರ ಜಾಸ್ತಿ ಆಗಿದೆ, ದೊಡ್ಡದು ಹಾಕಿ ಅಂತ ಕೇಳುವುದಿದ್ದರೆ ಓಣಿಯವರೆಲ್ಲ ಸಹಿ ಹಾಕಿ ಫೆಬ್ರುವರಿಯಲ್ಲೇ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಸುಟ್ಟ ಮೇಲೆ ಜಗಳ ಆಡಿ ಪ್ರಯೋಜನವಿಲ್ಲ.

ಊರಿಗೆ ಊರೇ ಹೀಗೆ ತಯಾರಾದ ಉದಾಹರಣೆ ಇದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲು ಎಷ್ಟು ಕೆಟ್ಟದಾಗಿತ್ತೆಂದರೆ, ವಾಡಿಕೆಗಿಂತ 1,344 ಸಾವು ಹೆಚ್ಚಿಗೆ ಆದವು. 2013ರಲ್ಲಿ ಆ ಊರು ಬಿಸಿಲಿಗೇ ಅಂತ ಒಂದು ಯೋಜನೆ ಮಾಡಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ತಯಾರಿ, ಕುಡಿಯುವ ನೀರು, ಆಮೇಲೆ ಬಡವರ ಮನೆ ಮಾಳಿಗೆಗೆ ಸುಣ್ಣ. ನಮ್ಮ ಪಾಲಿಕೆ, ಪಂಚಾಯಿತಿಗಳನ್ನೂ ನಾವು ಇದನ್ನೇ ಕೇಳಬೇಕು.

ಕರೆಂಟ್ ಹೋದ ರಾತ್ರಿ

ಮೊದಲು ಹೊರಗೆ ಬಂದು ನೋಡಿ, ನಿಮ್ಮ ಮನೆಯದಷ್ಟೇ ಹೋಗಿದೆಯಾ, ಓಣಿಯದೇ ಹೋಗಿದೆಯಾ. ಕೆಲವು ಸಲ ಒಂದೇ ಫೇಸ್ (ಮೂರು ಲೈನಿನಲ್ಲಿ ಒಂದು) ಹೋಗಿರುತ್ತದೆ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆಯಲ್ಲಿ ಮರ ಬಿದ್ದು ತಂತಿ ಕಡಿದಿರುತ್ತದೆ. ಬಿದ್ದ ತಂತಿ ಸತ್ತಿದೆ ಅಂತ ಎಂದೂ ತಿಳಿಯಬೇಡಿ. ಅದರ ಪಕ್ಕದ ಒದ್ದೆ ನೆಲವೂ ಅಪಾಯ. ದೂರದಲ್ಲಿ ಒಬ್ಬರು ನಿಂತು ಬರುವವರನ್ನು ತಡೆಯಿರಿ. ಕೋಲು ಹಿಡಿದು ಫ್ಯೂಸ್ ಹಾಕಲು ಕಂಬದ ಹತ್ತಿರ ಹೋಗುವ ಧೈರ್ಯಶಾಲಿಗಳನ್ನು ಕೈ ಹಿಡಿದು ನಿಲ್ಲಿಸಿ.

ಆಮೇಲೆ ಹಾಳೆ ತೆಗೆಯಿರಿ. ಅರ್ಧ ತಾಸಿನೊಳಗೆ ಹಾಳೆಯಲ್ಲಿರುವ ಎಲ್ಲ ಬಾಗಿಲು ಬಡಿದಾಗಿರಬೇಕು. ಹೊರಗಿನಿಂದ "ಆರಾಮ ಅದೀರಿ?" ಅಂತ ಕೂಗಿ ಹೋಗುವುದಲ್ಲ. ಒಳಗೆ ಹೋಗಿ, ಕೈ ಮುಟ್ಟಿ, ಎರಡು ಮಾತಾಡಿ. ಮಾತು ಸರಿ ಇದೆಯಾ ಕೇಳಿ. ಕೋಣೆ ಬಿಸಿ ಇದ್ದರೆ ತಂಪಿನ ಮನೆಗೆ ಕರೆದುಕೊಂಡು ಬನ್ನಿ. "ನನಗೇನಾಗ್ಯದ, ಇಲ್ಲೇ ಇರ್ತೀನಿ" ಅನ್ನುತ್ತಾರೆ. ಆಗ "ಆಯಿ, ನಮ್ಮ ಮನ್ಯಾಗ ಕೂಸು ಅಳಾಕ ಹತ್ಯದ, ಸ್ವಲ್ಪ ಬರ್ರಿ" ಅಂದರೆ ಬರುತ್ತಾರೆ. ಸಹಾಯ ತೆಗೆದುಕೊಳ್ಳಲು ಸಂಕೋಚಪಡುವವರು ಸಹಾಯ ಮಾಡಲು ಹಿಂದೆ ಮುಂದೆ ನೋಡುವುದಿಲ್ಲ.

ಹೊರಗಿನ ಗಾಳಿ ಒಳಗಿಗಿಂತ ತಂಪು ಅನ್ನಿಸಿದ ಕೂಡಲೇ ಎದುರುಬದುರು ಕಿಟಕಿ ತೆಗೆಯಿರಿ. ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತೆ ಮುಚ್ಚಿ. ತೆಳು ಹತ್ತಿ ಬಟ್ಟೆ ನೆನೆಸಿ ಕುತ್ತಿಗೆ, ತೋಳಿನ ಮೇಲೆ ಹಾಕಿಕೊಳ್ಳಿ. ಕೋಣೆ 40 ಡಿಗ್ರಿ ದಾಟಿದ್ದರೆ ಒಣ ಮೈಗೆ ಫ್ಯಾನ್ ಗಾಳಿ ಹಾಕಿದರೂ ಬಿಸಿಯೇ ಬಡಿಯುತ್ತದೆ. ಮೊದಲು ಮೈ ಒದ್ದೆ, ಆಮೇಲೆ ಗಾಳಿ. ಜನರೇಟರ್ ಇದ್ದವರು ಅದನ್ನು ಮನೆಯೊಳಗೆ, ಮೆಟ್ಟಿಲ ಕೆಳಗೆ ಹಚ್ಚಬಾರದು. ಅದರ ಹೊಗೆಯಲ್ಲಿ ವಾಸನೆ ಇಲ್ಲದ ವಿಷ ಇರುತ್ತದೆ, ಮಲಗಿದಲ್ಲೇ ಜೀವ ಹೋಗುತ್ತದೆ.

ಬಿಸಿಲು ಬಡಿದರೆ

ಸುಸ್ತು, ತಲೆನೋವು, ವಾಂತಿ ಬಂದ ಹಾಗೆ, ಕಾಲು ಸೆಳೆತ, ಜೋರು ಬೆವರು: ಇಷ್ಟಿದ್ದರೆ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಒಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಸಾಮಾನ್ಯವಾಗಿ ಅರ್ಧ ತಾಸಿನಲ್ಲಿ ಚೇತರಿಸುತ್ತಾರೆ.

ಮಾತು ತಪ್ಪಿದರೆ, ಗುರುತು ಹತ್ತದಿದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ ಅದು ಸನ್‌ಸ್ಟ್ರೋಕ್. ಬೆವರು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಅದನ್ನು ನೋಡುತ್ತಾ ಕೂರಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಿ. ಉಳಿದವರು ಅದೇ ನಿಮಿಷ ಮೈ ತಣ್ಣಗೆ ಮಾಡಲು ಶುರು ಮಾಡಿ. ಗಾಡಿ ಬರಲಿ ಅಂತ ಕಾಯಬೇಡಿ. ಮೈಮೇಲೆ ನೀರು ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ, ರಟ್ಟಿನಿಂದಲಾದರೂ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಇಡಿ. ಬಟ್ಟೆ ಬಿಸಿಯಾಗುತ್ತಿದ್ದಂತೆ ಮತ್ತೆ ಮತ್ತೆ ನೆನೆಸಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ. ಗಾಡಿಯಲ್ಲಿ ಹೋಗುವಾಗಲೂ ಒದ್ದೆ ಬಟ್ಟೆ ತೆಗೆಯಬೇಡಿ.

ಕರೆಂಟ್ ಬಂದಾಗ

ಕರೆಂಟ್ ಹೋದ ಕೂಡಲೇ ಫ್ರಿಜ್, ಟಿವಿ, ಎಸಿ, ಮೋಟರ್ ಸ್ವಿಚ್ ಆಫ್ ಮಾಡಿರಬೇಕು. ಬಂದಾಗ ಮೊದಲು ಒಂದು ಬಲ್ಬು ಹಾಕಿ ನೋಡಿ. ಮಂಕಾಗಿದ್ದರೆ, ಇಲ್ಲವೇ ಕಣ್ಣು ಕುಕ್ಕುವಷ್ಟು ಉರಿದರೆ ಏನನ್ನೂ ಹಚ್ಚಬೇಡಿ, ಮತ್ತೆ 1912ಕ್ಕೆ ಹೇಳಿ. ಸರಿ ಇದ್ದರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಹಚ್ಚಿ. ಓಣಿಯವರೆಲ್ಲ ಒಂದೇ ಸಲಕ್ಕೆ ಎಸಿ, ಮೋಟರ್ ಹಾಕಿದರೆ ಹೊಸ ಟಿಸಿಯೂ ತಡೆಯುವುದಿಲ್ಲ. ಫ್ರಿಜ್ಜಿನಲ್ಲಿದ್ದ ಹಾಲು, ಮಾಂಸ, ನಿನ್ನೆಯ ಸಾರು ಕರೆಂಟ್ ಇಲ್ಲದೆ ನಾಲ್ಕು ತಾಸಿಗಿಂತ ಜಾಸ್ತಿ ಹೊತ್ತು ಇದ್ದಿದ್ದರೆ ವಾಸನೆ ನೋಡಿ ತೀರ್ಮಾನ ಮಾಡಬೇಡಿ, ಚೆಲ್ಲಿಬಿಡಿ. ಖಾಲಿಯಾದ ಕೊಡಗಳನ್ನು ಮಲಗುವ ಮೊದಲೇ ತುಂಬಿಸಿ, ಪವರ್‌ಬ್ಯಾಂಕು, ಲೈಟು ಚಾರ್ಜಿಗೆ ಹಾಕಿ.

ಮೂಲೆ ಮನೆಯ ಆಯಿಯ ಬಾಗಿಲ ಕೀಲಿ ಈಗ ನಮ್ಮ ಅಡುಗೆಮನೆಯ ಮೊಳೆಗೆ ತೂಗುತ್ತದೆ. ಕರೆಂಟ್ ಬಂದ ಮೇಲೂ ಅವ್ವ ಒಮ್ಮೆ ಹೋಗಿ ಅವರ ಫ್ಯಾನ್ ತಿರುಗುತ್ತಿದೆಯಾ ಅಂತ ನೋಡಿ ಬರುತ್ತಾಳೆ. ಒಂದು ಸಲ ಓಣಿಗೆಲ್ಲ ಕರೆಂಟ್ ಬಂದಿತ್ತು, ಆಯಿ ಮನೆಯ ಫ್ಯೂಸ್ ಮಾತ್ರ ಹೋಗಿತ್ತು.